ಎಲೆಯ ಅಂಚಿನ ಶ್ರಮ



ಗಣಕಯಂತ್ರದ ಆಟದಲ್ಲಿ ಬೇವಿನ ಮರವೊಂದನ್ನು ಕಂಡಿರೆನ್ನೋಣ. ಅದರ ಸಾವಿರಾರು ಎಲೆಗಳನ್ನು ಒಂದೊಂದಾಗಿ ರಚಿಸಿರುವುದಿಲ್ಲ. ಟೊಂಗೆಯ ಚಿತ್ರವೊಂದನ್ನು ಬರೆದು, ಚಪ್ಪಟೆ ಹಾಳೆಗಳಂತೆ ಹಲವು ಕಡೆ ನಿಲ್ಲಿಸಿರುತ್ತಾರೆ. ಎಲೆಗಳ ನಡುವಿನ ಜಾಗ ಪಾರದರ್ಶಕವಾಗಿರಬೇಕು. ಇಲ್ಲವಾದರೆ ಮರದ ಬದಲು ರಟ್ಟಿನ ರಾಶಿ ಕಂಡೀತು.

ಇದು ಹೇಗೆ ಸಾಧ್ಯ? ಚಿತ್ರದ ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಳತೆಗಳುಂಟು. ನಾಲ್ಕನೆಯದೇ ‘ಆಲ್ಫಾ’. ಅದು 0 ಇದ್ದರೆ ಚುಕ್ಕೆ ಕಾಣದು. 255 ಇದ್ದರೆ ಪೂರ್ಣ ಕಾಣುವುದು. 1977ರ ಸುಮಾರಿಗೆ ಅಮೆರಿಕದಲ್ಲಿ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮಲ್ ಇದನ್ನು ರೂಪಿಸಿದರು.

ಕಷ್ಟವಿರುವುದು ಅಂಚಿನಲ್ಲಿ. ಬಿಳಿ ಹಾಳೆಯ ಮೇಲೆ ಎಲೆ ಬರೆದು, ಕತ್ತರಿಸಿ, ಕರಿಹಲಗೆಗೆ ಅಂಟಿಸಿ ನೋಡಿರಿ. ಸುತ್ತಲೂ ಬಿಳಿಗೆರೆ ಉಳಿದಿರುತ್ತದೆ. ಆಟದಲ್ಲಿಯೂ ಹಾಗೆಯೇ. ಯಂತ್ರವು ನೆರೆಯ ಚುಕ್ಕೆಗಳ ಬಣ್ಣ ಬೆರೆಸುವುದರಿಂದ, ಕಾಣದ ಜಾಗಕ್ಕೂ ಎಲೆಯ ಹಸಿರನ್ನೇ ಬಳಿಯಬೇಕು. ಗಾಜು, ನೀರುಗಳನ್ನಂತೂ ದೂರದ್ದು ಮೊದಲು, ಹತ್ತಿರದ್ದು ಆಮೇಲೆ ಎಂದು ಕ್ರಮವಾಗಿ ಬಿಡಿಸಬೇಕು.

ಈ ತಾಳ್ಮೆ ನಮಗೆ ಹೊಸದಲ್ಲ. ನಮ್ಮ ತೊಗಲುಗೊಂಬೆಯ ಕಲಾವಿದರು ಮೇಕೆಯ ತೊಗಲನ್ನು ಬೆಳಕು ಹಾಯುವಷ್ಟು ಹೆರೆದು, ಬಣ್ಣ ಹಚ್ಚಿ, ರಂಧ್ರ ಕೊರೆಯುತ್ತಾರೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆ 2020ರಲ್ಲಿ ಹೊರತಂದ ‘ರಾಜಿ’ ಆಟದ ಕಥಾಭಾಗಗಳು ನೆರಳುಗೊಂಬೆಯ ರೀತಿಯಲ್ಲಿಯೇ ಇವೆ.

ಪಾಲಕರೇ, ಆಟವೆಂದರೆ ಕಾಲಹರಣವೆಂದು ನಾನೂ ಮಕ್ಕಳನ್ನು ಗದರಿಸಿದ್ದುಂಟು. ಈಗ, “ಇದನ್ನು ಹೇಗೆ ಮಾಡಿದರು?” ಎಂದು ಕೇಳುತ್ತೇನೆ. ಉತ್ತರ ಹುಡುಕಹೊರಟ ಮಗು ಗಣಿತವನ್ನೂ ಚಿತ್ರಕಲೆಯನ್ನೂ ಒಟ್ಟಿಗೆ ಕಲಿಯುತ್ತದೆ.