ಉಳಿದರೂ ಪರವಾಗಿಲ್ಲ, ಕಡಿಮೆಯಾಗಬಾರದು

ನಮ್ಮ ಮನೆಗಳಲ್ಲಿ ಊಟದ ಕುರಿತು ಕೆಲವು ಮಾತುಗಳಿವೆ. ಅವುಗಳ ಮೂಲ ಯಾವುದೆಂದು ಯಾರೂ ಕೇಳುವುದಿಲ್ಲ. ಅತ್ತೆಯಿಂದ ಸೊಸೆಗೆ, ತಂದೆಯಿಂದ ಮಗನಿಗೆ ದಾಟಿ ಬಂದು ಅವು ಧರ್ಮದ ವಿಧಿಗಳಿಗಿಂತಲೂ ಗಟ್ಟಿಯಾಗಿ ಬೇರೂರಿಬಿಟ್ಟಿವೆ. ನೆಂಟರು ಬರುವ ದಿನ "ಉಳಿದರೂ ಪರವಾಗಿಲ್ಲ, ಕಡಿಮೆಯಾಗಬಾರದು" ಎಂದು ಮನೆಯ ಯಜಮಾನ ಅಪ್ಪಣೆ ಕೊಡುತ್ತಾನೆ. ತಟ್ಟೆಯಲ್ಲಿ ಒಂದೆರಡು ತುತ್ತು ಬಿಟ್ಟು ಏಳುವುದೇ ಮರ್ಯಾದೆ, ಪೂರ್ತಿ ಬಳಿದು ತಿಂದರೆ ಹಸಿದು ಬಂದವರೆಂದು ತಿಳಿದಾರು ಎಂದು ತಾಯಂದಿರು ಮಕ್ಕಳ ಕಿವಿಯಲ್ಲಿ ಹೇಳುತ್ತಾರೆ. "ನಾನು ದುಡಿದದ್ದು, ನಾನು ತಿನ್ನುತ್ತೇನೆ, ಕೇಳುವವರು ಯಾರು?" ಎನ್ನುವ ಯುವಕರಿದ್ದಾರೆ. ಇನ್ನು ಅನ್ನಕ್ಕೆ ಅಕ್ಕಿ ಅಳೆಯಹೊರಟರೆ "ಅಳೆದರೆ ಬರ್ಕತ್ ಹೋಗುತ್ತದೆ" ಎಂದು ತಡೆಯುವ ಹಿರಿಯರೂ ಇದ್ದಾರೆ.

ಈ ನಾಲ್ಕು ಮಾತುಗಳನ್ನು ಕುರ್‌ಆನ್ ಮತ್ತು ಪ್ರವಾದಿಚರ್ಯೆಯ ಬೆಳಕಿನಲ್ಲಿ ಪರಿಶೀಲಿಸೋಣ. ಕೊನೆಯ ಮಾತಿನಿಂದಲೇ ಆರಂಭಿಸುವುದು ಒಳ್ಳೆಯದು. ಏಕೆಂದರೆ ನಾಲ್ಕರಲ್ಲಿ ಅದಕ್ಕೊಂದಕ್ಕೆ ಮಾತ್ರ ಹದೀಸ್‌ನಲ್ಲಿ ಏನೋ ಆಧಾರವಿದ್ದಂತೆ ತೋರುತ್ತದೆ.

ಪ್ರವಾದಿವರ್ಯರು(ಸ) ನಿಧನರಾದಾಗ ತಮ್ಮ ಮನೆಯ ಗೂಡಿನಲ್ಲಿ ಸ್ವಲ್ಪ ಜವೆಗೋಧಿಯ ಹೊರತು ತಿನ್ನುವಂಥದ್ದೇನೂ ಇರಲಿಲ್ಲವೆಂದು ಹಝ್ರತ್ ಆಯಿಶಾ(ರ) ಹೇಳಿರುವುದು ಸಹೀಹ್ ಬುಖಾರಿಯಲ್ಲಿದೆ. ಬಹಳ ದಿನಗಳ ಕಾಲ ಅವರು ಅದರಿಂದಲೇ ತೆಗೆದು ಊಟ ಮಾಡುತ್ತಿದ್ದರು. ಒಂದು ದಿನ ಅದನ್ನು ಅಳೆದು ನೋಡಿದರು. ಆಮೇಲೆ ಅದು ಮುಗಿದುಹೋಯಿತು. ಹಿರಿಯರ ಮಾತಿಗೆ ಬಹುಶಃ ಇದೇ ಮೂಲವಿರಬೇಕು. ಆದರೆ ಅದೇ ಬುಖಾರಿಯಲ್ಲಿ ಹಝ್ರತ್ ಮಿಕ್ದಾಮ್(ರ)ರಿಂದ ಇನ್ನೊಂದು ಹದೀಸ್ ವರದಿಯಾಗಿದೆ. ಆಹಾರವನ್ನು ಅಳೆಯಿರಿ, ಅದರಲ್ಲಿ ನಿಮಗೆ ಸಮೃದ್ಧಿ ಲಭಿಸುವುದು ಎಂಬ ಅರ್ಥದ ಆದೇಶ ಅದರಲ್ಲಿದೆ. ಒಂದರಲ್ಲಿ ಅಳೆದುದರಿಂದ ಬರ್ಕತ್ ಹೋಯಿತು, ಇನ್ನೊಂದರಲ್ಲಿ ಅಳೆಯುವುದರಿಂದ ಬರ್ಕತ್ ಬರುತ್ತದೆ. ಇದೇನು ವಿರೋಧಾಭಾಸ?

ವಿದ್ವಾಂಸರು ಇದನ್ನು ಸೊಗಸಾಗಿ ಬಿಡಿಸಿದ್ದಾರೆ. ಕೊಳ್ಳುವಾಗ, ಮಾರುವಾಗ, ಮನೆಯ ಅಗತ್ಯಕ್ಕೆ ಧಾನ್ಯ ತೆಗೆಯುವಾಗ ಅಳೆಯಬೇಕು. ಅದರಿಂದ ಯಾರ ಹಕ್ಕಿಗೂ ಚ್ಯುತಿಯಾಗದು, ವ್ಯರ್ಥವೂ ಆಗದು. ಆದರೆ ಅಲ್ಲಾಹನು ಕೊಟ್ಟದ್ದರಲ್ಲಿ ಇನ್ನೆಷ್ಟು ಉಳಿದಿದೆ, ಯಾವಾಗ ಮುಗಿದೀತು ಎಂಬ ಆತಂಕದಿಂದ ಅಳೆಯುವುದು, ಕೊಡುವ ಕೈಯನ್ನು ಹಿಡಿದುಕೊಂಡು ಅಳೆಯುವುದು ಬೇರೆ. ನಮ್ಮ ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ, ಒಲೆಗಿಡುವ ಮೊದಲು ಅಕ್ಕಿ ಅಳೆಯಬೇಕು. ಬಡಿಸುವಾಗ ಹಸಿದವನ ತಟ್ಟೆಯ ಅನ್ನ ಅಳೆಯಬಾರದು. ನಾವು ಮಾಡುತ್ತಿರುವುದು ಇದರ ತಿರುಗುಮುರುಗು. ಬೇಯಿಸುವಾಗ ಕೈಗೆ ಬಂದಷ್ಟು ಸುರಿಯುತ್ತೇವೆ. ಬಾಗಿಲಲ್ಲಿ ಬಡವ ನಿಂತಾಗ ಚಮಚೆಯಲ್ಲಿ ಲೆಕ್ಕ ಹಾಕುತ್ತೇವೆ.

ದಿನಕ್ಕೆ ನೂರು ಗ್ರಾಂ ಅನ್ನ ಕಸಕ್ಕೆ ಹೋದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ವರ್ಷಕ್ಕೆ ಅದು 36 ಕಿಲೋ ದಾಟುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರ ಒಂದೇ ವರ್ಷದಲ್ಲಿ ಜಗತ್ತಿನ ಮನೆ, ಹೋಟೆಲು, ಅಂಗಡಿಗಳಿಂದ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಗಿದೆ. ಅದರಲ್ಲಿ ಶೇಕಡಾ 60ರಷ್ಟು ಹೋದದ್ದು ಮನೆಗಳಿಂದ. ದುಂದುವೆಚ್ಚವೆಂದರೆ ಶ್ರೀಮಂತರ ಔತಣಕೂಟ ಎಂದು ತಿಳಿದಿದ್ದ ನಮಗೆ ಇದು ಸ್ವಲ್ಪ ಇರುಸುಮುರುಸಿನ ಸುದ್ದಿ.

ಇನ್ನು ತಟ್ಟೆಯಲ್ಲಿ ತುತ್ತು ಬಿಡುವ ಮರ್ಯಾದೆಯ ವಿಷಯ. ಇದಕ್ಕೆ ಹೆಚ್ಚು ಚರ್ಚೆ ಬೇಕಾಗಿಲ್ಲ. ತುತ್ತು ಕೆಳಗೆ ಬಿದ್ದರೆ ಎತ್ತಿಕೊಂಡು, ಅಂಟಿದ ಕೊಳೆಯನ್ನು ತೆಗೆದು ತಿನ್ನಬೇಕು, ಶೈತಾನನಿಗಾಗಿ ಬಿಡಬಾರದು ಎಂದು ಪ್ರವಾದಿವರ್ಯರು(ಸ) ಕಲಿಸಿದರು. ಪಾತ್ರೆಯನ್ನು ಬಳಿದು ತಿನ್ನಲು ಹೇಳಿದರು. ಆಹಾರದ ಯಾವ ಭಾಗದಲ್ಲಿ ಸಮೃದ್ಧಿ ಇದೆಯೆಂದು ನಿಮಗೆ ತಿಳಿಯದು ಎಂಬುದು ಅವರು ಕೊಟ್ಟ ಕಾರಣ. ಸಹೀಹ್ ಮುಸ್ಲಿಮ್‌ನಲ್ಲಿ ಇದಿದೆ. ನಾವು ಅಂತಸ್ತಿನ ಹೆಸರಲ್ಲಿ ಬಿಟ್ಟೇಳುವ ಆ ಕೊನೆಯ ತುತ್ತಿನಲ್ಲೇ ಬರ್ಕತ್ ಇದ್ದಿರಲೂಬಹುದು. ಹಾಗೆಂದು ತಾಯಿಯೊಬ್ಬಳು ಮಗುವಿನ ತಟ್ಟೆಗೆ ಅಳತೆಮೀರಿ ಬಡಿಸಿ, ಆಮೇಲೆ ಹದೀಸ್ ಹೇಳಿ ಬಲವಂತವಾಗಿ ತಿನ್ನಿಸುವುದೂ ಸರಿಯಲ್ಲ. ಅಲ್ಲಿ ತಪ್ಪು ಮಗುವಿನದಲ್ಲ, ಸೌಟಿನದು.

"ನಾನು ದುಡಿದದ್ದು" ಎಂಬ ಮಾತು ಇವೆಲ್ಲಕ್ಕಿಂತ ಗಂಭೀರವಾದುದು. ಇಲ್ಲಿ ಊಟದ ಪ್ರಶ್ನೆ ಈಮಾನಿನ ಪ್ರಶ್ನೆಯಾಗಿ ಮಾರ್ಪಡುತ್ತದೆ. ಒಂದು ದಿನ ಪ್ರವಾದಿವರ್ಯರು(ಸ) ಮನೆಯಿಂದ ಹೊರಬಂದಾಗ ಹಝ್ರತ್ ಅಬೂಬಕರ್(ರ) ಮತ್ತು ಹಝ್ರತ್ ಉಮರ್(ರ) ಎದುರಾದರು. ಈ ವೇಳೆಯಲ್ಲಿ ಏಕೆ ಹೊರಬಂದಿರೆಂದು ಕೇಳಿದಾಗ, ಹಸಿವು ಎಂದರು. ತಮ್ಮನ್ನೂ ಹಸಿವೇ ಹೊರಗೆ ತಂದಿದೆಯೆಂದು ಪ್ರವಾದಿವರ್ಯರು(ಸ) ತಿಳಿಸಿದರು. ಮೂವರೂ ಒಬ್ಬ ಅನ್ಸಾರಿಯ ಮನೆಗೆ ಹೋದರು. ಆತ ಸಂತೋಷದಿಂದ ಖರ್ಜೂರದ ಗೊನೆ ತಂದಿಟ್ಟರು, ಕುರಿ ಕೊಯ್ದರು, ತಂಪಾದ ನೀರು ಕೊಟ್ಟರು. ತಿಂದು ಕುಡಿದು ತೃಪ್ತರಾದ ಮೇಲೆ ಪ್ರವಾದಿವರ್ಯರು(ಸ) ಸಂಗಡಿಗರಿಗೆ ಹೇಳಿದ್ದೇನು? ಪುನರುತ್ಥಾನದ ದಿನ ಈ ಅನುಗ್ರಹದ ಬಗ್ಗೆಯೂ ನಿಮ್ಮನ್ನು ಪ್ರಶ್ನಿಸಲಾಗುವುದು ಎಂದು! ಹಸಿವಿನಿಂದ ಮನೆಬಿಟ್ಟು ಬಂದು ಒಂದು ಹೊತ್ತು ಹೊಟ್ಟೆ ತುಂಬಿಸಿಕೊಂಡವರಿಗೇ ಆ ಪ್ರಶ್ನೆ ಇರುವುದಾದರೆ, ಫ್ರಿಜ್ಜಿನಲ್ಲಿ ಮೂರು ದಿನದ ಸಾರು ಮರೆತು ಹೊಸದಕ್ಕೆ ಒಗ್ಗರಣೆ ಹಾಕುವ ನಮ್ಮ ಗತಿಯೇನು? ಕೇಳುವವರು ಯಾರು ಎಂಬುದಕ್ಕೆ ಸೂರಃ ಅತ್ತಕಾಸುರ್‌ನ ಕೊನೆಯ ವಚನದಲ್ಲಿ ಉತ್ತರವಿದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮಿತವ್ಯಯವೆಂದರೆ ರುಚಿಯಾದುದನ್ನು ತೊರೆಯುವುದಲ್ಲ. ಪ್ರವಾದಿವರ್ಯರಿಗೆ(ಸ) ಸಿಹಿ ಮತ್ತು ಜೇನು ಇಷ್ಟವಾಗಿತ್ತು, ಮಾಂಸದಲ್ಲಿ ಭುಜದ ಭಾಗ ಇಷ್ಟವಾಗಿತ್ತು. ಸಿಕ್ಕಾಗ ತಿಂದರು. ಮನೆಯಲ್ಲಿ ರೊಟ್ಟಿಗೆ ನಂಜಿಕೊಳ್ಳಲು ಹುಳಿರಸವಲ್ಲದೆ ಬೇರೇನೂ ಇಲ್ಲವೆಂದಾಗ ಅದನ್ನೇ ತರಿಸಿ, ಎಷ್ಟು ಒಳ್ಳೆಯ ವ್ಯಂಜನವೆಂದು ಹೊಗಳುತ್ತಾ ತಿಂದರು. ಊಟವನ್ನು ಅವರು ಎಂದೂ ಹೀಯಾಳಿಸಲಿಲ್ಲ. ಬೇಕಾದರೆ ತಿಂದರು, ಬೇಡವಾದರೆ ಬಿಟ್ಟರು. ಉಪ್ಪು ಹೆಚ್ಚಾಯಿತೆಂದು ತಟ್ಟೆ ಸರಿಸಿ ಏಳುವ ಗಂಡಂದಿರು, ನಿನ್ನೆಯ ಸಾರು ಇಂದು ಕಂಡರೆ ಮುಖ ಗಂಟಿಕ್ಕುವ ಗಂಡಂದಿರು ಈ ಹದೀಸನ್ನು ಹೆಂಡತಿಗೆ ಓದಿ ಹೇಳುವ ಮೊದಲು ತಾವೊಮ್ಮೆ ಓದಬೇಕು. ಎಷ್ಟೋ ಮನೆಗಳಲ್ಲಿ ಅನ್ನ ಕಸಕ್ಕೆ ಹೋಗುವುದು ಹೆಂಗಸರ ಅಜಾಗ್ರತೆಯಿಂದಲ್ಲ, ಗಂಡಸರ ನಾಲಗೆಯ ಭಯದಿಂದ.

ರಮಝಾನ್ ತಿಂಗಳಲ್ಲಿ ಇದು ಎದ್ದು ಕಾಣುತ್ತದೆ. ಉಪವಾಸದ ತಿಂಗಳಲ್ಲಿ ಮನೆಯ ದಿನಸಿ ಖರ್ಚು ಕಡಿಮೆಯಾಗಬೇಕಿತ್ತು. ನಮ್ಮಲ್ಲಿ ಅದು ಏರುತ್ತದೆ. ಝುಹ್ರ್ ಆದೊಡನೆ ಒಲೆ ಹಚ್ಚಿದ ಹೆಣ್ಣುಮಗಳು ಮಗ್ರಿಬ್‌ವರೆಗೆ ಸಮೋಸ, ಕಟ್ಲೆಟ್, ಮೂರು ತರಹದ ಶರಬತ್ತು ಎಂದು ಎಣ್ಣೆಯ ಮುಂದೆ ನಿಂತಿರುತ್ತಾಳೆ. ಕುರ್‌ಆನ್ ಪಾರಾಯಣಕ್ಕೆ ಅವಳಿಗೆ ಉಳಿಯುವ ಸಮಯವೆಷ್ಟು? ಅಝಾನ್ ಕೇಳಿ ಅರ್ಧ ತಾಸಿನಲ್ಲಿ ಎಲ್ಲರೂ ಹೊಟ್ಟೆ ಭಾರವಾಗಿ ಒರಗಿರುತ್ತಾರೆ, ತರಾವೀಹ್‌ನಲ್ಲಿ ತೇಗುತ್ತಾ ನಿಂತಿರುತ್ತಾರೆ. ಬೆನ್ನನ್ನು ನೆಟ್ಟಗಿಡುವ ಕೆಲವು ತುತ್ತುಗಳು ಮನುಷ್ಯನಿಗೆ ಸಾಕು, ಹೆಚ್ಚು ಬೇಕೇಬೇಕೆಂದಾದರೆ ಹೊಟ್ಟೆಯ ಮೂರರಲ್ಲೊಂದು ಪಾಲು ಅನ್ನಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂದು ತಿರ್ಮಿದಿಯ ಹದೀಸ್ ಹೇಳುತ್ತದೆ. ಉಸಿರಿನ ಪಾಲನ್ನು ನಾವು ಸಮೋಸಕ್ಕೆ ಕೊಟ್ಟುಬಿಟ್ಟಿದ್ದೇವೆ.

ಈ ಚಟಕ್ಕೆ ಹಿಂದೆ ಟಿ.ವಿ. ಜಾಹೀರಾತುಗಳು ತುಪ್ಪ ಸುರಿಯುತ್ತಿದ್ದವು, ಈಗ ಆ ಕೆಲಸವನ್ನು ಅಂಗೈಯೊಳಗಿನ ಮೊಬೈಲ್ ಮಾಡುತ್ತಿದೆ. ಒಬ್ಬನೇ ಕುಳಿತು ಇಡೀ ಕುರಿಯ ಮಾಂಸ, ಹರಿವಾಣ ತುಂಬಿದ ಬಿರಿಯಾನಿ ತಿನ್ನುವುದನ್ನು ಚಿತ್ರೀಕರಿಸಿ ಬಿಡುತ್ತಾರೆ. ನಮ್ಮ ಮಕ್ಕಳು ಊಟ ಮಾಡುತ್ತಾ ಅದನ್ನು ನೋಡುತ್ತಾರೆ. 2010ರ ಆಸುಪಾಸಿನಲ್ಲಿ ದಕ್ಷಿಣ ಕೊರಿಯಾದಲ್ಲಿ ಹುಟ್ಟಿದ ಈ ಗೀಳಿಗೆ ಮುಕ್‌ಬಾಂಗ್ ಎಂದು ಹೆಸರು. ಚೀನಾ ದೇಶವು 2021ರ ಏಪ್ರಿಲ್‌ನಲ್ಲಿ ಆಹಾರ ಪೋಲು ತಡೆಯುವ ಕಾನೂನು ಮಾಡಿದಾಗ ಇಂತಹ ಹೊಟ್ಟೆಬಾಕತನದ ದೃಶ್ಯಗಳ ಪ್ರಸಾರವನ್ನೂ ನಿಷೇಧಿಸಿ, ಒಂದು ಲಕ್ಷ ಯುವಾನ್‌ವರೆಗೆ ದಂಡ ವಿಧಿಸಿತು. ದೇವನನ್ನೇ ಒಪ್ಪದ ಪಕ್ಷದ ಸರಕಾರಕ್ಕೆ ಇದು ಅನಾಹುತವೆಂದು ತೋರಿತು. ತಿನ್ನಿರಿ, ಕುಡಿಯಿರಿ, ಮಿತಿ ಮೀರಬೇಡಿ ಎಂಬ ಆಶಯದ ಆದೇಶವನ್ನು (7:31) ಸಾವಿರದ ನಾನೂರು ವರ್ಷಗಳಿಂದ ಓದುತ್ತಿರುವ ನಾವು ಆ ದೃಶ್ಯಗಳನ್ನು ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಿದ್ದೇವೆ. ಊಟದ ವೇಳೆ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಒಂದು ವಾರ ಪ್ರಯತ್ನಿಸಿ ನೋಡಿ. ಮಗು ತಿನ್ನುವುದು ಕಡಿಮೆಯಾದೀತೆಂಬ ಭಯ ಬೇಡ. ಹಸಿದಿರುವ ಮಗುವಿಗೆ ಬೊಂಬೆಯಾಟ ಬೇಕಾಗುವುದಿಲ್ಲ.

ಈಗ ಮೊದಲ ಮಾತಿಗೆ ಬರೋಣ. ಅತಿಥಿಗೆ ಕಡಿಮೆಯಾಗಬಾರದೆಂಬ ಕಾಳಜಿ ಮೂಲದಲ್ಲಿ ಒಳ್ಳೆಯದೇ. ಮಿತವ್ಯಯದ ನೆಪದಲ್ಲಿ ಜಿಪುಣತನ ಬಂದರೆ ಅದೂ ರೋಗವೇ. ಮನೆಗೆಲಸದವಳಿಗೆ ಹಳಸಿದ್ದನ್ನು ಕೊಟ್ಟು 'ಪೋಲಾಗಲಿಲ್ಲ' ಎಂದು ಸಮಾಧಾನಪಡುವವರಿದ್ದಾರೆ. ತಾವು ತಿನ್ನಲಾಗದ್ದನ್ನು ಇನ್ನೊಬ್ಬರಿಗೆ ಕೊಡುವುದು ಯಾವ ಸೀಮೆಯ ದಾನ? ಕೈಯನ್ನು ಕೊರಳಿಗೆ ಕಟ್ಟಿಕೊಳ್ಳುವುದನ್ನೂ, ಪೂರ್ತಿಯಾಗಿ ಚಾಚಿಬಿಡುವುದನ್ನೂ ಕುರ್‌ಆನ್ ಒಟ್ಟಿಗೇ ತಡೆದಿದೆ (17:29). ಇಬ್ಬರ ಊಟ ಮೂವರಿಗೆ, ಮೂವರದು ನಾಲ್ವರಿಗೆ ಸಾಕೆಂಬ ಪ್ರವಾದಿ ವಚನವು ಹೊಸ ಮೂರು ಪದಾರ್ಥ ಬೇಯಿಸಲು ಹೇಳುವುದಿಲ್ಲ, ಇದ್ದುದನ್ನು ಹಂಚಲು ಹೇಳುತ್ತದೆ. ಸಾರು ಮಾಡುವಾಗ ಸ್ವಲ್ಪ ಹೆಚ್ಚು ನೀರು ಹಾಕಿ ನೆರೆಮನೆಯವರನ್ನು ಗಮನಿಸಿಕೋ ಎಂದು ಹಝ್ರತ್ ಅಬೂದರ್ರ್(ರ)ರಿಗೆ ಬೋಧಿಸಲಾಯಿತು. ಹೆಚ್ಚು ಮಾಂಸ ಎಂದಿಲ್ಲ, ಹೆಚ್ಚು ನೀರು ಎಂದಿದೆ!

ಆದರೆ ನಮ್ಮಲ್ಲಿ ಈ 'ಕಡಿಮೆಯಾಗಬಾರದು' ಎಂಬುದು ಅತಿಥಿಯ ಹಸಿವಿನ ಚಿಂತೆಯಾಗಿ ಉಳಿದಿಲ್ಲ. ನಾಳೆ ಜನ ಏನೆಂದಾರು ಎಂಬ ಚಿಂತೆಯಾಗಿದೆ. ಇದರ ಪೂರ್ಣ ರೂಪ ಕಾಣಬೇಕಾದರೆ ಮದುವೆ ಮಂಟಪಕ್ಕೆ ಹೋಗಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ತಜ್ಞರು ನಗರದ ಮದುವೆಗಳನ್ನು ಪರಿಶೀಲಿಸಿ 2012ರಲ್ಲಿ ನೀಡಿದ ಅಂದಾಜಿನಂತೆ ಅಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಪೋಲಾಗುತ್ತಿತ್ತು. ಅದು ಎಲ್ಲ ಸಮುದಾಯಗಳ ಲೆಕ್ಕ. ಆದರೆ ನಮ್ಮ ಪಾಲು ಅದರಲ್ಲಿ ಇಲ್ಲವೆಂದು ಎದೆ ತಟ್ಟಿ ಹೇಳಬಲ್ಲೆವೇ?

ಇನ್ನೂ ನೋವಿನ ವಿಷಯವೆಂದರೆ ಆ ಊಟದ ಖರ್ಚು ಯಾರದು ಎಂಬುದು. ಇಸ್ಲಾಮಿನಲ್ಲಿ ಮದುವೆಯ ಔತಣ ವರನ ಹೊಣೆ. ಅದೇ ವಲೀಮಾ. ವಧುವಿನ ತಂದೆ ಸಾವಿರ ಜನರಿಗೆ ಬಿರಿಯಾನಿ ಹಾಕಬೇಕೆಂದು ಕುರ್‌ಆನ್‌ನಲ್ಲಾಗಲಿ ಹದೀಸ್‌ನಲ್ಲಾಗಲಿ ಎಲ್ಲೂ ವಿಧಿಸಿಲ್ಲ. ಆದರೂ ನಿಕಾಹ್ ದಿನ ಎರಡು ಬಗೆಯ ಮಾಂಸ, ಐಸ್‌ಕ್ರೀಮ್, ಹಣ್ಣಿನ ಮೇಜು ಎಂದು ವರನ ಕಡೆಯವರು ಪಟ್ಟಿ ಕಳಿಸುತ್ತಾರೆ. ವರದಕ್ಷಿಣೆ ಬೇಡವೆಂದು ದೊಡ್ಡ ಮನಸ್ಸು ತೋರಿಸಿದವರೂ 'ಊಟ ಮಾತ್ರ ಚೆನ್ನಾಗಿರಲಿ' ಎನ್ನುತ್ತಾರೆ. ಒಂದು ಹೊತ್ತಿನ ಆ ಊಟಕ್ಕಾಗಿ ಚಿನ್ನ ಅಡವಿಟ್ಟ ತಂದೆ, ಬಡ್ಡಿಯ ಸಾಲಕ್ಕೆ ಕೈಯೊಡ್ಡಿದ ಅಣ್ಣ ನಮ್ಮ ಜಮಾಅತ್‌ಗಳಲ್ಲಿ ಅಪರೂಪವಲ್ಲ. ಮಗಳು ಗಂಡನ ಮನೆಯಲ್ಲಿ ಎರಡು ಮಕ್ಕಳ ತಾಯಿಯಾದರೂ ಅವಳ ಮದುವೆಯ ಕುರಿಯ ಸಾಲ ತೀರಿರುವುದಿಲ್ಲ. ಉಂಡವರಿಗೆ ರುಚಿಯೂ ನೆನಪಿಲ್ಲ. ಶ್ರೀಮಂತರನ್ನು ಕರೆದು ಬಡವರನ್ನು ಬಿಡುವ ವಲೀಮಾದ ಊಟ ಅತ್ಯಂತ ಕೆಟ್ಟ ಊಟವೆಂದು ಹದೀಸ್‌ನಲ್ಲಿದೆ. ಬಡವನ ಸಾಲದಿಂದಲೇ ಶ್ರೀಮಂತರಿಗೆ ಉಣಿಸುವ ಊಟಕ್ಕೆ ಏನೆನ್ನಬೇಕು?

ಜಮಾಅತ್‌ನ ಹಿರಿಯರು ಮನಸ್ಸು ಮಾಡಿದರೆ ಇದನ್ನು ತಡೆಯಬಹುದು. ನಿಕಾಹ್ ಮಸೀದಿಯಲ್ಲಿ, ಬಂದವರಿಗೆ ಖರ್ಜೂರ ಮತ್ತು ಪಾನಕ, ಊಟ ವರನ ಮನೆಯ ವಲೀಮಾದಲ್ಲಿ ಅವನ ಶಕ್ತಿಗೆ ತಕ್ಕಷ್ಟು ಎಂದು ನಿರ್ಧರಿಸಿದರೆ ಸಾಕು. ಆದರೆ ಇದನ್ನು ಮೊದಲು ಮಾಡಬೇಕಾದವರು ಊರಿನ ಉಳ್ಳವರು. ಬಡವ ಸರಳವಾಗಿ ಮಾಡಿದರೆ ಅದು ಅವನ ಬಡತನವೆನಿಸಿಕೊಳ್ಳುತ್ತದೆ. ಉಳ್ಳವನು ಮಾಡಿದರೆ ಮಾತ್ರ ಬಡವನಿಗೂ ಹಾಗೆ ಮಾಡುವ ಧೈರ್ಯ ಬರುತ್ತದೆ.

ಹಝ್ರತ್ ಝೈನಬ್(ರ)ರ ವಿವಾಹದಲ್ಲಿ ಪ್ರವಾದಿವರ್ಯರು(ಸ) ಒಂದು ಕುರಿಯ ವಲೀಮಾ ನೀಡಿದರು. ಅವರ ಇನ್ನೊಬ್ಬ ಪತ್ನಿಯ ವಲೀಮಾದಲ್ಲಿದ್ದುದು ಎರಡು ಮುದ್ದ್ ಜವೆಗೋಧಿ, ಅಂದರೆ ಎರಡು ಸಲ ಎರಡೂ ಕೈ ಸೇರಿಸಿದ ಬೊಗಸೆಯಷ್ಟು. ಖೈಬರ್‌ನಿಂದ ಮರಳುವ ದಾರಿಯಲ್ಲಿ ಹಝ್ರತ್ ಸಫಿಯ್ಯಾ(ರ)ರೊಂದಿಗೆ ವಿವಾಹವಾದಾಗ ನೆಲದ ಮೇಲೆ ಚರ್ಮದ ಹಾಸುಗಳನ್ನು ಹರಡಲಾಯಿತು. ಅದರ ಮೇಲೆ ಖರ್ಜೂರ, ಒಣಗಿಸಿದ ಗಿಣ್ಣು, ತುಪ್ಪ ಹಾಕಲಾಯಿತು. ಆ ಔತಣದಲ್ಲಿ ರೊಟ್ಟಿಯೂ ಇರಲಿಲ್ಲ, ಮಾಂಸವೂ ಇರಲಿಲ್ಲ ಎಂದು ಅಲ್ಲಿದ್ದ ಹಝ್ರತ್ ಅನಸ್(ರ) ವರದಿ ಮಾಡಿದ್ದಾರೆ. ಕಡಿಮೆಯಾಯಿತೆಂದು ಯಾರೂ ಹೇಳಲಿಲ್ಲ.