ಹಸ್ತ ಚಿತ್ತೆಯ ಮಳೆಗಳಲ್ಲಿ ಗುಬ್ಬಿಯ ಕಡೆಗೆ ಹೊರಡುವವರಿಗೆ

ಸಮುದ್ರವನ್ನು ದಾಟಿ ಬಂದು, ನಮ್ಮ ಭಾಷೆಯನ್ನು ತಾವು ಕಲಿಯುತ್ತಲೇ ತಮ್ಮ ಭಾಷೆಯನ್ನು ನಮ್ಮ ಹುಡುಗರಿಗೆ ಕಲಿಸಿದ ವೆಸ್ಲಿಯನ್ ಮಿಷನಿನ ಪಾದ್ರಿಗಳು ಈ ಸೀಮೆಯ ಮಳೆಗಾಲವನ್ನು ಹೇಗೆ ಕಳೆದಿರಬಹುದೆಂಬ ಕುತೂಹಲದಿಂದ ತುಮಕೂರು, ಗುಬ್ಬಿ, ಕುಣಿಗಲ್ ಊರುಗಳನ್ನು ನೋಡಬಯಸುವವರು ಮೊತ್ತಮೊದಲು ತಿಳಿದಿರಬೇಕಾದುದು, ಜೂನ್ ಜುಲೈ ತಿಂಗಳುಗಳಲ್ಲಿ ಇಲ್ಲಿಗೆ ಬಂದು ಫಲವಿಲ್ಲವೆಂಬುದು. ಆಗುಂಬೆಯಲ್ಲಿ ಹಗಲಿರುಳು ಜಡಿ ಹಿಡಿದಿರುವ ಆ ದಿನಗಳಲ್ಲಿ, ಘಟ್ಟಗಳ ಮರೆಗೆ ಬಿದ್ದ ಈ ಬಯಲುನಾಡಿಗೆ ದಕ್ಕುವುದು ಗಾಳಿ ಹೆಚ್ಚು, ಹನಿ ಕಡಿಮೆ. ವರ್ಷಕ್ಕೆ ಬೀಳುವ ಸುಮಾರು 600ರಿಂದ 700 ಮಿಲಿಮೀಟರ್ ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳದ್ದು. ರೈತರ ಲೆಕ್ಕದಲ್ಲಿ ಹೇಳುವುದಾದರೆ ಉತ್ತರೆ, ಹಸ್ತ, ಚಿತ್ತೆಗಳದ್ದು. ಹಗಲೆಲ್ಲ ಬಿಸಿಲು ಕಾಯ್ದು, ಸಾಯಂಕಾಲ ಮೋಡ ಕಟ್ಟಿ, ಗುಡುಗು ಸಿಡಿಲುಗಳೊಡನೆ ಸುರಿದು, ರಾತ್ರಿಯ ಹೊತ್ತಿಗೆ ಹೊಳವಾಗುವುದು ಈ ಮಳೆಯ ಸಾಮಾನ್ಯ ಸ್ವಭಾವ. ಆದಕಾರಣ ನೋಡಬೇಕಾದುದನ್ನೆಲ್ಲ ಮಧ್ಯಾಹ್ನದ ಊಟದೊಳಗೆ ನೋಡಿ ಮುಗಿಸುವ ಕ್ರಮವನ್ನು ಇಟ್ಟುಕೊಳ್ಳುವುದು ವಿವೇಕ. ಶಾಲೆಗಳನ್ನು ನೋಡುವ ಇಚ್ಛೆಯಿದ್ದವರು ಪಂಚಾಂಗವನ್ನೂ ತಿರುವಿಹಾಕಬೇಕು; ದಸರೆಯ ರಜೆಯಲ್ಲಿ ಬೀಗ ಹಾಕಿದ ಬಾಗಿಲುಗಳ ಹೊರತು ಮತ್ತೇನೂ ಕಾಣಸಿಗುವುದಿಲ್ಲ.

ಥಾಮಸ್ ಹಾಡ್ಸನ್ ಎಂಬವರು ಗುಬ್ಬಿಯಲ್ಲಿ ಮಿಷನಿನ ಕೆಲಸವನ್ನು ಆರಂಭಿಸಿದ್ದು 1837ರಲ್ಲಿ. ಎರಡು ವರ್ಷಗಳ ತರುವಾಯ ಅಲ್ಲಿಗೆ ಬಂದು ಸೇರಿದ ವಿಲಿಯಂ ಆರ್ಥರ್, ಐರ್ಲೆಂಡಿನಲ್ಲಿ 1819ರಲ್ಲಿ ಜನಿಸಿದವನಾದುದರಿಂದ, ಆಗಿನ್ನೂ ಇಪ್ಪತ್ತರ ತರುಣ. ಕಣ್ಣಿನ ತೊಂದರೆ ಉಲ್ಬಣಿಸಿ 1841ರಲ್ಲಿ ಸ್ವದೇಶಕ್ಕೆ ಮರಳಬೇಕಾದ ಈತನು, 1847ರಲ್ಲಿ 'ಎ ಮಿಷನ್ ಟು ದಿ ಮೈಸೂರ್' ಎಂಬ ಗ್ರಂಥವನ್ನು ಪ್ರಕಟಿಸಿದನು. ನಮ್ಮ ಮತಾಚಾರಗಳನ್ನು ಕುರಿತ ಅದರ ತೀರ್ಪುಗಳು ಇಂದಿನ ಓದುಗನಿಗೆ ಸಹ್ಯವಾಗಲಾರವು. ಆ ಭಾಗಗಳನ್ನು ಬದಿಗಿಟ್ಟು, ದಾರಿ, ಪೇಟೆ, ಬೀದಿಯ ವಾಗ್ವಾದಗಳ ವರ್ಣನೆಗಳನ್ನಷ್ಟೇ ಹೊರಡುವ ಮುನ್ನ ಓದಿಕೊಂಡರೆ ಪ್ರಯಾಣದ ರುಚಿ ಹೆಚ್ಚುತ್ತದೆ. ಹಾಡ್ಸನ್ನನು ಬರೆದ ಕನ್ನಡ ವ್ಯಾಕರಣವು, 1864ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ ಆವೃತ್ತಿಯ ರೂಪದಲ್ಲಿ, ಈಗಲೂ ಗ್ರಂಥಾಲಯಗಳಲ್ಲಿ ದೊರೆಯುತ್ತದೆ. ಹಳ್ಳಿಗಳ ಶಾಲೆಗಳಲ್ಲಿ ಇವರು ನಡೆಸುತ್ತಿದ್ದುದು ಬಹುಮಟ್ಟಿಗೆ ಕನ್ನಡದ ಪಾಠವೇ; ಇಂಗ್ಲಿಷಿಗೆ ಗಿರಾಕಿ ಇದ್ದುದು ಕಚೇರಿಗಳಿದ್ದ ತುಮಕೂರಿನಲ್ಲಿ. ಕಚೇರಿಯೆಂದೊಡನೆ ನೆನಪಾಗುವ ಡಾಬ್ಸ್ ಎಂಬ ಅಧಿಕಾರಿಯ ಹೆಸರು, ಬೆಂಗಳೂರಿನಿಂದ ಬರುವ ಹೆದ್ದಾರಿಯಲ್ಲಿ ಡಾಬಸ್‌ಪೇಟೆಯಾಗಿ ಉಳಿದುಕೊಂಡಿದೆ. ಬಸ್ಸಿನ ಕಿಟಕಿಯಿಂದ ಶಿವಗಂಗೆಯ ಬೆಟ್ಟವನ್ನು ನೋಡುತ್ತ ಆ ಊರನ್ನು ದಾಟುವವರಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆಯೋ!

ಬೆಂಗಳೂರಿನಿಂದ ತುಮಕೂರು ಸುಮಾರು 70 ಕಿಲೋಮೀಟರ್. ಬಸ್ಸುಗಳು ಎಡೆಬಿಡದೆ ಇವೆ, ರೈಲು ಅಗ್ಗ. ತಂಗುವುದಕ್ಕೆ ಮೂರು ಊರುಗಳ ಪೈಕಿ ತುಮಕೂರೇ ಅನುಕೂಲವಾದುದರಿಂದ ಗಂಟುಮೂಟೆಯನ್ನು ಇಲ್ಲಿ ಇಳಿಸಬೇಕು. ಬೆಳಗಿನ ಉಪಾಹಾರವನ್ನು ಮಾತ್ರ ಕ್ಯಾತ್ಸಂದ್ರಕ್ಕೆ ಹೋಗಿ ಮಾಡುವುದು ಲೇಸು. ತಟ್ಟೆಯಗಲದ ಅಲ್ಲಿನ ಇಡ್ಲಿಯನ್ನು, ಮೇಲೊಂದು ಉಂಡೆ ಬೆಣ್ಣೆಯೊಡನೆ, ಹೊಗೆಯಾಡುತ್ತಿರುವಾಗಲೇ ತಿನ್ನಬೇಕು. ಅಲ್ಲಿಂದ ಸಿದ್ಧಗಂಗೆ ಸಮೀಪ. ಸಹಸ್ರಾರು ಬಡಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳನ್ನು ಉಚಿತವಾಗಿ ನೀಡುತ್ತ ಬಂದಿರುವ ಆ ಮಠವನ್ನು ನೋಡಿದವರಿಗೆ, ಈ ಜಿಲ್ಲೆಯ ವಿದ್ಯಾಭ್ಯಾಸದ ಕಥೆಯಲ್ಲಿ ಪರದೇಶದ ಪಾದ್ರಿಯದು ಒಂದು ಅಧ್ಯಾಯ ಮಾತ್ರವೆಂಬುದು ಹೇಳದೆಯೇ ಮನದಟ್ಟಾಗುತ್ತದೆ. ದೇವರಾಯನದುರ್ಗಕ್ಕೆ ಹೋಗುವವರು ಮಳೆಯ ಮರುದಿನ ಬೆಳಗ್ಗೆ ಹೋಗಲಿ. ಬೆಟ್ಟದ ತಿರುವುಗಳಲ್ಲಿ ಮಂಜು ದಟ್ಟವಾಗಿರುವಾಗ ಗಾಡಿಯನ್ನು ನಿಧಾನವಾಗಿ ನಡೆಸಲಿ. ತಿಂಡಿಯ ಪೊಟ್ಟಣಗಳನ್ನು ಕಪಿಗಳ ಕಣ್ಣಿಗೆ ಬೀಳದಂತೆ ಚೀಲದೊಳಗೆ ಇಟ್ಟುಕೊಳ್ಳಲಿ.

ತುಮಕೂರಿನಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರ್ ದೂರದ ಗುಬ್ಬಿಗೆ ಅರಸೀಕೆರೆಯ ಕಡೆಗೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ಹೋಗುವುದು ನನ್ನ ಮಟ್ಟಿಗೆ ಉತ್ತಮ ಮಾರ್ಗ. 1880ರ ದಶಕದಲ್ಲಿ ಈ ರೈಲು ಬರುವುದಕ್ಕೆ ಮೊದಲು, ಬೆಂಗಳೂರಿನಿಂದ ಕುದುರೆಯ ಮೇಲೋ ಎತ್ತಿನ ಗಾಡಿಯಲ್ಲೋ ಇಲ್ಲಿಗೆ ಬರುತ್ತಿದ್ದವರಿಗೆ ಹಳ್ಳಕೊಳ್ಳಗಳು ತುಂಬಿದ ದಿನ ದಾರಿಯೇ ಇಲ್ಲದಾಗುತ್ತಿದ್ದಿರಬೇಕು, ಕಾಗದಪತ್ರಗಳೂ ತಡವಾಗುತ್ತಿದ್ದಿರಬೇಕು. ರಾಗಿಯ ಕಳೆ ತೆಗೆಯುವ, ಅಡಿಕೆ ಸುಲಿಯುವ ಕಾಲಗಳಲ್ಲಿ ಹುಡುಗರನ್ನು ಶಾಲೆಗೆ ಹೊರಡಿಸುವುದು ಇತ್ತೀಚಿನವರೆಗೂ ನಮ್ಮ ಮೇಷ್ಟರುಗಳಿಗೇ ಕಷ್ಟವಾಗಿದ್ದಾಗ, ಮಾತು ಅರೆಬರೆ ಬಲ್ಲ ಪರಕೀಯನ ಪಾಡನ್ನು ಊಹಿಸಬಹುದು.

ಮಿಷನಿನ ಕಾಲದ ಗುರುತುಗಳನ್ನೇ ಹುಡುಕಿಕೊಂಡು ಬಂದವನು ಗುಬ್ಬಿಯಲ್ಲಿ ನಿರಾಶನಾದಾನು. ಚನ್ನಬಸವೇಶ್ವರನ ಗುಡಿಯನ್ನು ನೋಡಿ, ಆ ದೇವರ ಹೆಸರಿನ ನಾಟಕ ಮಂಡಳಿಯನ್ನು ನಾಡಿಗೆಲ್ಲ ಕೊಂಡೊಯ್ದ ವೀರಣ್ಣನವರನ್ನು ಸ್ಮರಿಸಿ, ಬಳಿಕ ಊರಂಚಿನ ತೋಟಗಳ ಕಡೆಗೆ ಕಾಲ್ನಡೆಯಲ್ಲಿ ಹೋಗುವುದು ನನ್ನ ಸಲಹೆ. ಈ ಋತುವಿನಲ್ಲಿ ಇಲ್ಲಿ ಅಡಿಕೆಯ ಕೊಯ್ಲು. ಇಳಿಸಿದ ಗೊನೆಗಳಿಂದ ಕಾಯಿ ಬಿಡಿಸಿ, ಕತ್ತಿಯ ಮುಂದೆ ಸಾಲಾಗಿ ಕುಳಿತ ಹೆಂಗಸರು ಮಾತು ಬಿಡದೆ ಕೈಯನ್ನೂ ಬಿಡದೆ ಸುಲಿಯುತ್ತಾರೆ. ಸುಲಿದ ಅಡಿಕೆ ದೊಡ್ಡ ಹಂಡೆಗಳಲ್ಲಿ ಬೇಯುತ್ತದೆ. ಬೆಂದ ಅಡಿಕೆಗೆ ಕೆಂಪು ಬಣ್ಣವನ್ನು ಕೊಡುವ ಚೊಗರಿನ ಒಗರು ವಾಸನೆ ಬೀದಿಯ ತಿರುವಿನಲ್ಲಿಯೇ ಮೂಗಿಗೆ ಬಡಿಯುತ್ತದೆ. ಆಮೇಲಿನದೆಲ್ಲ ಬಿಸಿಲಿನ ಕೆಲಸ. ಮಳೆಗೂ ಬೆಳೆಗಾರನಿಗೂ ಜಟಾಪಟಿ ಹತ್ತುವುದು ಇಲ್ಲೇ. ತೋಟಕ್ಕೆ ಬೇಕಾದ ಮಳೆ ಕಣಕ್ಕೆ ಬೇಡ. ದೂರದಲ್ಲಿ ಒಂದು ಗುಡುಗು ಕೇಳಿದೊಡನೆ ಮನೆಮಂದಿಯೆಲ್ಲ ಟಾರ್ಪಾಲು ಹಿಡಿದು ಓಡುವ ಆ ಐದು ನಿಮಿಷಗಳಲ್ಲಿ ಅತಿಥಿಯು ಪಟ ತೆಗೆಯುತ್ತ ನಿಲ್ಲದೆ ತಾನೂ ಒಂದು ತುದಿಯನ್ನು ಹಿಡಿದುಕೊಳ್ಳುವುದು ಮರ್ಯಾದೆ. ಕಣದೊಳಕ್ಕೆ ಕಾಲಿಡುವ ಮುನ್ನ "ಯಜಮಾನ್ರೇ, ಒಂಚೂರು ನೋಡ್ಬೋದಾ?" ಎಂದು ಕೇಳಿದರೆ ಬೇಡವೆನ್ನುವವರು ವಿರಳ, ಹಾಗೆ ಕೇಳಿದವರಿಗೆ ಕಾಫಿಯೂ ಬರುವುದುಂಟು.

ಅದೇ ರೈಲುದಾರಿಯಲ್ಲಿ ಮುಂದುವರಿದರೆ ಸಂಪಿಗೆ ರೋಡ್ ಎಂಬ ಸಣ್ಣ ನಿಲ್ದಾಣ ಬರುತ್ತದೆ. ಮೈಸೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದುಕೊಂಡು, ಇಂಗ್ಲಿಷ್ ಕವಿತೆಗಳ ಪ್ರೇರಣೆಯಿಂದ ಕನ್ನಡ ಕಾವ್ಯಕ್ಕೆ ಹೊಸ ದಾರಿಯನ್ನು ತೆರೆದ ಬಿ. ಎಂ. ಶ್ರೀಕಂಠಯ್ಯನವರು 1884ರಲ್ಲಿ ಜನಿಸಿದ್ದು ಆ ಸಂಪಿಗೆಯಲ್ಲಿ. ಬಿಡುವಿದ್ದವರು ಹೋಗಿಬರಬಹುದು.

ಕುಣಿಗಲ್ಲಿಗೆ ಹೋಗುವ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಭೂಪಟದಲ್ಲಿ ಎರಡೂ ಊರುಗಳಲ್ಲಿ ರೈಲು ನಿಲ್ದಾಣವನ್ನು ಕಂಡು ತುಮಕೂರಿನಿಂದ ಕುಣಿಗಲ್ಲಿಗೆ ರೈಲಿದೆಯೆಂದು ತಿಳಿಯಬಾರದು. ಕುಣಿಗಲ್ ಇರುವುದು ಬೆಂಗಳೂರಿನಿಂದ ಹಾಸನಕ್ಕೆ ಹೋಗುವ ಬೇರೊಂದು ದಾರಿಯಲ್ಲಿ. ತುಮಕೂರಿನಿಂದ ಬಸ್ಸೇ ಗತಿ. ಮಳೆ ಚೆನ್ನಾಗಿ ಆದ ವರ್ಷ ಊರಿನ ದೊಡ್ಡಕೆರೆ ಕೋಡಿ ಬಿದ್ದಿತೆಂಬ ವಾರ್ತೆ ಹಬ್ಬಿದೊಡನೆ ಸುತ್ತಲಿನ ಹಳ್ಳಿಯವರು ನೋಡಲು ನೆರೆಯುತ್ತಾರೆ. ಬಾಗಿನದ ದಿನವಾದರೆ ಜನಜಾತ್ರೆಯೇ ಸರಿ. ಏರಿಯ ಮೇಲೆ ನಿಂತು ನೋಡಿ ತೃಪ್ತಿಪಡಬೇಕೇ ವಿನಾ, ಕೋಡಿಯ ಪಾಚಿಗಟ್ಟಿದ ಕಲ್ಲುಗಳ ಮೇಲೆ ಇಳಿಯುವ ಸಾಹಸ ಸಲ್ಲದು. ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಫಾರಮ್ಮಿನೊಳಕ್ಕೆ ಮುಂಚಿತವಾಗಿ ಅನುಮತಿ ಪಡೆಯದೆ ಹೋಗುವ ಆಸೆ ಬೇಡ.

ಕುಣಿಗಲ್ಲನ್ನು ಕೊನೆಗೆ ಇಟ್ಟುಕೊಂಡವರು ತುಮಕೂರಿಗೆ ಹಿಂದಿರುಗುವ ಅಗತ್ಯವಿಲ್ಲ. ಮಂಗಳೂರು ಹೆದ್ದಾರಿಯಲ್ಲಿ ಬೆಂಗಳೂರು ಇಲ್ಲಿಂದಲೂ ಸರಿಸುಮಾರು ಅಷ್ಟೇ ದೂರ. ಬೆಳಗ್ಗೆ ಬೇಗನೆ ಬಂದವರು ಅದೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋಗಿ, ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರನ ದರ್ಶನ ಮಾಡಿ, ಮಧ್ಯಾಹ್ನದ ಪ್ರಸಾದವನ್ನು ಅಲ್ಲಿಯೇ ಸ್ವೀಕರಿಸಿ, ಮೋಡ ಕಟ್ಟುವುದರೊಳಗೆ ಬೆಂಗಳೂರಿನ ಬಸ್ಸನ್ನು ಹತ್ತಬಹುದು.