ವನ್ಯಜೀವಿ ಸಂರಕ್ಷಣೆಗೆ ಅನುದಾನ: ಅಮೆರಿಕದ ಕಾಯ್ದೆಯೊಂದು ಕಲಿಸುವ ಲೆಕ್ಕ

ಕಾಡು, ಕೆರೆ, ಹುಲ್ಲುಗಾವಲುಗಳ ಪುನರುಜ್ಜೀವನಕ್ಕೆ ಹಣ ಬೇಕೆಂಬ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆ ಹಣವನ್ನು ಯಾರು ಕೊಡಬೇಕು, ಕೊಟ್ಟ ಹಣ ಬೇರೆ ಬಾಬ್ತಿಗೆ ಹೋಗದಂತೆ ತಡೆಯುವುದು ಹೇಗೆ, ಖರ್ಚಿಗೆ ಲೆಕ್ಕ ಒಪ್ಪಿಸುವವರು ಯಾರು ಎಂಬ ಮೂರು ಪ್ರಶ್ನೆಗಳು ಎದುರಾದಾಗ ಮಾತ್ರ ಬಹುಪಾಲು ಯೋಜನೆಗಳು ಎಡವುತ್ತವೆ. ಈ ಮೂರಕ್ಕೂ ಕಾಯ್ದೆಯ ಒಳಗೇ ಉತ್ತರ ಬರೆದಿಟ್ಟು, ಎಂಟು ದಶಕಗಳಿಗೂ ಮೀರಿ ನಡೆದುಬಂದಿರುವ ವ್ಯವಸ್ಥೆಯೊಂದು ಅಮೆರಿಕದಲ್ಲಿದೆ. ಅದರ ಹಣ ಬರುವುದು ತಯಾರಕರಿಂದ. ಆದ್ದರಿಂದ ವರ್ತಕರು ಮತ್ತು ಸಣ್ಣ ಉದ್ಯಮಿಗಳು ಅದನ್ನು ಅರಿತುಕೊಳ್ಳುವುದು ಉಪಯುಕ್ತ. ಆ ವ್ಯವಸ್ಥೆಯ ರಚನೆಯನ್ನೂ ಅದರಿಂದ ನಾವು ತೆಗೆದುಕೊಳ್ಳಬಹುದಾದ ಪಾಠವನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ಕಾಯ್ದೆಯ ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ಅಮೆರಿಕದಲ್ಲಿ ಮಿತಿಯಿಲ್ಲದ ಬೇಟೆ ಮತ್ತು ಕಾಡಿನ ನಾಶದಿಂದಾಗಿ ಕಾಡು ಟರ್ಕಿ ಕೋಳಿ, ಬಿಳಿಬಾಲದ ಜಿಂಕೆ, ವುಡ್ ಡಕ್ ಎಂಬ ಬಾತುಕೋಳಿ ಮುಂತಾದ ಜೀವಿಗಳು ಅನೇಕ ಪ್ರದೇಶಗಳಿಂದ ಕಣ್ಮರೆಯಾಗಿದ್ದವು. 1930ರ ದಶಕದ ಆರ್ಥಿಕ ಮಹಾಕುಸಿತದ ದಿನಗಳಲ್ಲಿ ರಾಜ್ಯಗಳ ಬೊಕ್ಕಸದಲ್ಲಿ ಹಣವಿರಲಿಲ್ಲ. ಬೇಟೆಗಾರರಿಂದ ಸಂಗ್ರಹಿಸಿದ ಪರವಾನಗಿ ಶುಲ್ಕವನ್ನೂ ಕೆಲವು ರಾಜ್ಯಗಳು ಇತರ ಬಾಬ್ತುಗಳಿಗೆ ಬಳಸಿಕೊಳ್ಳುತ್ತಿದ್ದವು.

ಬಂದೂಕು ಮತ್ತು ಮದ್ದುಗುಂಡುಗಳ ಮೇಲೆ ಕೇಂದ್ರ ಸರ್ಕಾರದ ಎಕ್ಸೈಸ್ ಸುಂಕ ಆಗಲೇ ಜಾರಿಯಲ್ಲಿತ್ತು. ಸುಂಕವನ್ನು ರದ್ದುಪಡಿಸುವ ಬದಲು ಅದನ್ನು ಉಳಿಸಿ, ವಸೂಲಾದ ಹಣವನ್ನು ವನ್ಯಜೀವಿಗಳ ಪುನರುಜ್ಜೀವನಕ್ಕೇ ಮೀಸಲಿಡಬೇಕೆಂಬ ಸಲಹೆಯನ್ನು ಸಂರಕ್ಷಣಾವಾದಿಗಳು ಮುಂದಿಟ್ಟರು. ಬೇಟೆಗಾರರ ಸಂಘಟನೆಗಳೂ ಬಂದೂಕು ತಯಾರಿಕಾ ಉದ್ಯಮವೂ ಇದನ್ನು ಬೆಂಬಲಿಸಿದವು. ಕಾಡಿನಲ್ಲಿ ಪ್ರಾಣಿಯೇ ಉಳಿಯದಿದ್ದರೆ ಬಂದೂಕು ಕೊಳ್ಳುವವರೂ ಉಳಿಯುವುದಿಲ್ಲವೆಂಬ ವ್ಯಾಪಾರದ ಲೆಕ್ಕ ಇದರ ಹಿಂದಿತ್ತು. ಸೆನೆಟರ್ ಕೀ ಪಿಟ್‌ಮನ್ ಮತ್ತು ಪ್ರತಿನಿಧಿ ವಿಲ್ಲಿಸ್ ರಾಬರ್ಟ್‌ಸನ್ ಮಂಡಿಸಿದ ಮಸೂದೆಗೆ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1937ರ ಸೆಪ್ಟೆಂಬರ್ 2ರಂದು ಸಹಿ ಹಾಕಿದರು. ಈ ಕಾಯ್ದೆ ಇಂದಿಗೂ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯೆಂದೇ ಪ್ರಸಿದ್ಧವಾಗಿದೆ.

ಸುಂಕದ ಸ್ವರೂಪ

ಸುಂಕವನ್ನು ಕಟ್ಟಬೇಕಾದವರು ತಯಾರಕರು ಮತ್ತು ಆಮದುದಾರರು. ಉದ್ದ ನಳಿಗೆಯ ಬಂದೂಕು ಹಾಗೂ ಮದ್ದುಗುಂಡುಗಳಿಗೆ ದರ ಶೇಕಡಾ 11, ಪಿಸ್ತೂಲು ಮತ್ತು ರಿವಾಲ್ವರ್‌ಗಳಿಗೆ ಶೇಕಡಾ 10. ಪಿಸ್ತೂಲು ಮತ್ತು ರಿವಾಲ್ವರ್‌ಗಳ ಸುಂಕ 1970ರ ತಿದ್ದುಪಡಿಯಿಂದ, ಬಿಲ್ಲು ಬಾಣಗಳ ಮೇಲಿನ ಸುಂಕ 1972ರ ತಿದ್ದುಪಡಿಯಿಂದ ಈ ನಿಧಿಗೆ ಸೇರಿದವು. ತಯಾರಕರ ಮಾರಾಟ ಬೆಲೆ 400 ಡಾಲರ್ ಇರುವ ಬಂದೂಕಿನ ಮೇಲೆ 44 ಡಾಲರ್ ಸುಂಕ ಬೀಳುತ್ತದೆ. ಅಂಗಡಿಯಲ್ಲಿ ಪ್ರತ್ಯೇಕವಾಗಿ ವಸೂಲು ಮಾಡುವ ಪದ್ಧತಿಯಿಲ್ಲದಿರುವುದರಿಂದ, ಅಂತಿಮ ಹೊರೆ ಬೆಲೆಯಲ್ಲಿ ಸೇರಿ ಗ್ರಾಹಕನಿಗೆ ವರ್ಗವಾಗುತ್ತದೆ. ನಮ್ಮ ಹಿಂದಿನ ಕೇಂದ್ರೀಯ ಎಕ್ಸೈಸ್ ಪದ್ಧತಿಯ ಪರಿಚಯವುಳ್ಳವರಿಗೆ ಇದರಲ್ಲಿ ಹೊಸತೇನೂ ಕಾಣದು.

ಸಣ್ಣ ತಯಾರಕರಿಗೆ ರಿಯಾಯಿತಿಯೂ ಉಂಟು. ಕ್ಯಾಲೆಂಡರ್ ವರ್ಷವೊಂದರಲ್ಲಿ 50ಕ್ಕಿಂತ ಕಡಿಮೆ ಬಂದೂಕುಗಳನ್ನು ತಯಾರಿಸುವವರಿಗೆ 2005ರಿಂದ ಸುಂಕದ ವಿನಾಯಿತಿ ದೊರೆತಿದೆ. ಮೀಸಲು ಸುಂಕವೆಂದಾಕ್ಷಣ ಕೈಕೆಲಸದ ಸಣ್ಣ ಘಟಕಗಳ ಮೇಲೂ ದೊಡ್ಡ ಕಾರ್ಖಾನೆಗಳಷ್ಟೇ ಹೊರೆ ಬೀಳಬೇಕಾಗಿಲ್ಲ ಎಂಬುದಕ್ಕೆ ಇದು ನಿದರ್ಶನ.

ಹಣದ ಹಂಚಿಕೆ

ಸಂಗ್ರಹವಾದ ಹಣವನ್ನು ಕೇಂದ್ರದ ಮೀನು ಮತ್ತು ವನ್ಯಜೀವಿ ಸೇವಾ ಸಂಸ್ಥೆಯು ಕಾಯ್ದೆಯಲ್ಲಿ ಬರೆದಿರುವ ಸೂತ್ರದಂತೆ ರಾಜ್ಯಗಳಿಗೆ ಹಂಚುತ್ತದೆ. ಮುಖ್ಯ ಭಾಗದ ಹಂಚಿಕೆಯಲ್ಲಿ ಅರ್ಧಕ್ಕೆ ರಾಜ್ಯದ ವಿಸ್ತೀರ್ಣವೂ, ಉಳಿದ ಅರ್ಧಕ್ಕೆ ಹಣ ತೆತ್ತು ಪರವಾನಗಿ ಪಡೆದ ಬೇಟೆಗಾರರ ಸಂಖ್ಯೆಯೂ ಆಧಾರ. ಯಾವ ರಾಜ್ಯಕ್ಕೂ ಶೇಕಡಾ 5ಕ್ಕಿಂತ ಹೆಚ್ಚಾಗಲಿ, ಶೇಕಡಾ ಅರ್ಧಕ್ಕಿಂತ ಕಡಿಮೆಯಾಗಲಿ ಬರುವಂತಿಲ್ಲ. ಸೂತ್ರವೇ ಕಾಯ್ದೆಯಲ್ಲಿರುವುದರಿಂದ ಯಾವ ರಾಜ್ಯಕ್ಕೆ ಎಷ್ಟು ಎಂಬುದು ಮಂತ್ರಿಗಳ ಮರ್ಜಿಗಾಗಲಿ, ಪ್ರಭಾವಿಗಳ ಶಿಫಾರಸಿಗಾಗಲಿ ಒಳಪಡುವುದಿಲ್ಲ. 2023ರ ಹಣಕಾಸು ವರ್ಷದಲ್ಲಿ ಹೀಗೆ ಹಂಚಿಕೆಯಾದ ಮೊತ್ತ 100 ಕೋಟಿ ಡಾಲರ್‌ಗಳನ್ನು ಮೀರಿತ್ತು.

ನಾಲ್ಕು ಷರತ್ತುಗಳು

ಇಷ್ಟು ಹಣ ಇಷ್ಟು ಕಾಲ ದಾರಿ ತಪ್ಪದೆ ಹರಿದುಬರಲು ಕಾರಣವಾದದ್ದು ಅದರೊಂದಿಗೆ ಕಟ್ಟಿದ ಷರತ್ತುಗಳು. ಅವುಗಳನ್ನು ಕ್ರಮವಾಗಿ ನೋಡೋಣ.

(1) ಹಣವನ್ನು ಬೇರೆಡೆಗೆ ತಿರುಗಿಸದಿರುವುದು. ಬೇಟೆಗಾರರಿಂದ ಸಂಗ್ರಹಿಸಿದ ಪರವಾನಗಿ ಶುಲ್ಕವನ್ನು ರಾಜ್ಯದ ವನ್ಯಜೀವಿ ಇಲಾಖೆಯ ಆಡಳಿತಕ್ಕಲ್ಲದೆ ಬೇರಾವುದಕ್ಕೂ ಬಳಸಬಾರದೆಂದು ರಾಜ್ಯವು ತಾನೇ ಶಾಸನ ಮಾಡಿರಬೇಕು. ಶಾಸನ ಮಾಡದ ರಾಜ್ಯಕ್ಕೆ ಅನುದಾನವಿಲ್ಲ. ಮಾಡಿದ ನಂತರ ಮುರಿದರೆ ಅನುದಾನದ ಅರ್ಹತೆ ತಪ್ಪುತ್ತದೆ. ಈ ಷರತ್ತನ್ನು ಸೇರಿಸಿದವರು ಹಿಂದೆ ವರ್ಜೀನಿಯಾ ರಾಜ್ಯದ ವನ್ಯಜೀವಿ ಆಯೋಗದ ಅಧ್ಯಕ್ಷರಾಗಿದ್ದ ರಾಬರ್ಟ್‌ಸನ್. ಕೇಂದ್ರದ ಅನುದಾನ ಬಂತೆಂದು ರಾಜ್ಯವು ತನ್ನ ಪಾಲನ್ನು ಮೆಲ್ಲಗೆ ಹಿಂತೆಗೆದುಕೊಳ್ಳುವ ಚಾಳಿಗೆ ಇದರಿಂದ ತಡೆ ಬಿದ್ದಿತು.

(2) ವಂತಿಗೆ. ಅನುಮೋದಿತ ಯೋಜನೆಯ ವೆಚ್ಚದಲ್ಲಿ ಶೇಕಡಾ 75ರವರೆಗೆ ಕೇಂದ್ರವೂ, ಕನಿಷ್ಠ ಶೇಕಡಾ 25ನ್ನು ರಾಜ್ಯವೂ ಭರಿಸಬೇಕು. ಸ್ವಯಂಸೇವಕರ ದುಡಿಮೆ, ದಾನವಾಗಿ ಬಂದ ಭೂಮಿ ಮುಂತಾದವುಗಳ ಮೌಲ್ಯವನ್ನು ನಿಯಮಾನುಸಾರ ರಾಜ್ಯದ ವಂತಿಗೆಯಲ್ಲಿ ಲೆಕ್ಕಕ್ಕೆ ಹಿಡಿಯಲು ಅವಕಾಶವಿದೆ.

(3) ಮೊದಲು ವೆಚ್ಚ, ನಂತರ ಮರುಪಾವತಿ. ರಾಜ್ಯವು ತನ್ನ ಹಣದಿಂದ ಕೆಲಸ ಮಾಡಿಸಿ, ದಾಖಲೆ ಒದಗಿಸಿ, ಆಮೇಲೆ ಕೇಂದ್ರದ ಪಾಲನ್ನು ಪಡೆಯುವುದು ಇಲ್ಲಿನ ಮೂಲ ಪದ್ಧತಿ.

(4) ಕಾಲಮಿತಿ. ಹಂಚಿಕೆಯಾದ ಮೊತ್ತವನ್ನು ಎರಡು ವರ್ಷಗಳೊಳಗೆ ಯೋಜನೆಗಳಿಗೆ ಬದ್ಧಗೊಳಿಸದಿದ್ದರೆ ಅದು ರಾಜ್ಯದ ಕೈತಪ್ಪಿ, ವಲಸೆ ಹಕ್ಕಿಗಳ ಸಂರಕ್ಷಣೆಯ ಬಾಬ್ತಿಗೆ ಸೇರುತ್ತದೆ. ಅಂದರೆ ಲ್ಯಾಪ್ಸ್ ಆದ ಹಣವೂ ಸಾಮಾನ್ಯ ಬೊಕ್ಕಸಕ್ಕೆ ಹೋಗದೆ ವನ್ಯಜೀವಿಗಳ ಉಪಯೋಗಕ್ಕೇ ಉಳಿಯುತ್ತದೆ.

ಎರಡನೆಯ ಮತ್ತು ಮೂರನೆಯ ಷರತ್ತುಗಳ ಪರಿಣಾಮವನ್ನು ಕಾಲ್ಪನಿಕ ಉದಾಹರಣೆಯೊಂದರಿಂದ ಅರಿಯಬಹುದು. ಒಂದು ರಾಜ್ಯವು ಜೌಗುಪ್ರದೇಶದ ಪುನರುಜ್ಜೀವನಕ್ಕೆ 40 ಲಕ್ಷ ಡಾಲರ್ ವೆಚ್ಚ ಮಾಡಿತೆಂದಿಟ್ಟುಕೊಳ್ಳೋಣ. ಪೂರ್ತಿ ವೆಚ್ಚ ಅಂಗೀಕೃತವಾದರೆ ಕೇಂದ್ರದಿಂದ 30 ಲಕ್ಷ ಬರುತ್ತದೆ, ರಾಜ್ಯದ ಹೊರೆ 10 ಲಕ್ಷ. ಪರಿಶೀಲನೆಯಲ್ಲಿ 4 ಲಕ್ಷ ಡಾಲರ್ ವೆಚ್ಚ ಯೋಜನೆಗೆ ಸಂಬಂಧಿಸಿದ್ದಲ್ಲವೆಂದು ತಿರಸ್ಕೃತವಾದರೆ ಅಂಗೀಕೃತ ವೆಚ್ಚ 36 ಲಕ್ಷಕ್ಕೆ ಇಳಿದು, ಬರುವ ಹಣ 27 ಲಕ್ಷವಾಗುತ್ತದೆ. ರಾಜ್ಯದ ಹೊರೆ 13 ಲಕ್ಷಕ್ಕೆ ಏರುತ್ತದೆ. ವೋಚರಿನಲ್ಲಿ ಮಾಡಿದ ತಪ್ಪಿಗೆ ದಂಡ ತೆರುವವನು ತಪ್ಪು ಮಾಡಿದವನೇ. ಮುಂಗಡವಾಗಿ ಪೂರ್ತಿ ಹಣ ಕೊಟ್ಟು ವರ್ಷಗಳ ನಂತರ ಬಳಕೆ ಪ್ರಮಾಣಪತ್ರ ಕೇಳುವ ಪದ್ಧತಿಯಲ್ಲಿ ಈ ಎಚ್ಚರ ಹುಟ್ಟುವುದು ಕಷ್ಟ.

ಫಲಿತಾಂಶ ಮತ್ತು ಕೊರತೆಗಳು

ಈ ನಿಧಿಯಿಂದ ರಾಜ್ಯಗಳು ಭೂಮಿ ಖರೀದಿಸಿವೆ, ಜೌಗುಪ್ರದೇಶಗಳಿಗೆ ನೀರು ಮರಳಿಸಿವೆ, ಪ್ರಾಣಿಗಳನ್ನು ಉಳಿದಿದ್ದ ಕಡೆಯಿಂದ ಹಿಡಿದು ಅವು ಅಳಿದಿದ್ದ ಕಡೆ ಬಿಟ್ಟಿವೆ, ಸಂಶೋಧನೆ ನಡೆಸಿವೆ. ಕಾಡು ಟರ್ಕಿ ಕೋಳಿ, ಬಿಳಿಬಾಲದ ಜಿಂಕೆ ಮತ್ತು ವುಡ್ ಡಕ್‌ಗಳ ಚೇತರಿಕೆಯಲ್ಲಿ ಈ ಅನುದಾನದ ಪಾತ್ರ ದೊಡ್ಡದು. 1950ರಲ್ಲಿ ಮೀನುಗಾರಿಕೆಯ ಸಲಕರಣೆಗಳ ಸುಂಕವನ್ನು ಇದೇ ಮಾದರಿಯಲ್ಲಿ ಮೀನು ಸಂಪತ್ತಿಗೆ ಮೀಸಲಿಡುವ ಡಿಂಗೆಲ್-ಜಾನ್ಸನ್ ಕಾಯ್ದೆಯೂ ಬಂದಿತು.

ಆದರೆ ಈ ವ್ಯವಸ್ಥೆ ದೋಷರಹಿತವೆಂದು ಹೇಳಲಾಗದು. ಮೊದಲನೆಯದಾಗಿ, ಆಡಳಿತ ವೆಚ್ಚಕ್ಕೆಂದು ಶೇಕಡಾ 8ರವರೆಗೆ ಕಡಿತ ಮಾಡಿಕೊಳ್ಳಲು ಕೇಂದ್ರ ಸಂಸ್ಥೆಗೆ ಅವಕಾಶವಿತ್ತು. ಈ ಬಾಬ್ತಿನ ನಿರ್ವಹಣೆಯಲ್ಲಿ ಗಂಭೀರ ಲೋಪಗಳಿರುವುದನ್ನು ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯು 1999ರಲ್ಲಿ ಬಯಲಿಗೆ ತಂದಿತು. ಪರಿಣಾಮವಾಗಿ 2000ದಲ್ಲಿ ತಿದ್ದುಪಡಿ ಕಾಯ್ದೆ ಬಂದು, ಆಡಳಿತದ ಹೆಸರಿನಲ್ಲಿ ಯಾವ ಯಾವ ಖರ್ಚು ಹಾಕಬಹುದೆಂಬ ಪಟ್ಟಿಯೇ ಶಾಸನದಲ್ಲಿ ಸೇರಿತು. ಷರತ್ತು ಎಷ್ಟೇ ಬಿಗಿಯಾಗಿದ್ದರೂ, ಶೇಕಡಾವಾರು ಕಡಿತವೊಂದನ್ನು ಸಡಿಲವಾಗಿ ಬಿಟ್ಟರೆ ಸೋರಿಕೆ ಅಲ್ಲಿಂದಲೇ ಆರಂಭವಾಗುತ್ತದೆ.

ಎರಡನೆಯದಾಗಿ, ಆದಾಯವು ಬಂದೂಕುಗಳ ಮಾರಾಟವನ್ನು ಅವಲಂಬಿಸಿರುವುದರಿಂದ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಇಂದು ಬಂದೂಕು ಕೊಳ್ಳುವವರಲ್ಲಿ ಬೇಟೆಯ ಗೊಡವೆಯೇ ಇಲ್ಲದವರೂ ಬಹುಸಂಖ್ಯೆಯಲ್ಲಿದ್ದಾರೆ. ಹಣ ತೆರುವವನಿಗೂ ಅದರ ಉದ್ದೇಶಕ್ಕೂ ಇದ್ದ ನಂಟು ಹೀಗೆ ಸಡಿಲವಾಗಿದೆ. ಮೂರನೆಯದಾಗಿ, ಬೇಟೆಗಾರರ ಹಣ ಹೆಚ್ಚಾಗಿ ಬೇಟೆಯ ಪ್ರಾಣಿಗಳತ್ತಲೇ ಹರಿಯಿತು. ಹಾಡುಹಕ್ಕಿ, ಕಪ್ಪೆ, ಬಾವಲಿಗಳಿಗೆ ದೊರೆತದ್ದು ಅಲ್ಪ. ಈ ಕೊರತೆಯನ್ನು ತುಂಬಲು 2000ದಿಂದ ರಾಜ್ಯ ವನ್ಯಜೀವಿ ಅನುದಾನವೆಂಬ ಪ್ರತ್ಯೇಕ ಯೋಜನೆ ಬಂದಿದೆ. ಇದಕ್ಕೆ ಮೀಸಲು ಸುಂಕದ ಆಸರೆಯಿಲ್ಲ. ಸಂಸತ್ತು ವರ್ಷವರ್ಷವೂ ಮಂಜೂರು ಮಾಡಿದಷ್ಟೇ ಹಣ.

ನಮ್ಮ ದೇಶದ ನಿಧಿ

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆ ನಿಷಿದ್ಧವಾಗಿರುವುದರಿಂದ ಇಂತಹ ಸುಂಕದ ಪ್ರಶ್ನೆಯೇ ಏಳುವುದಿಲ್ಲ. ಆದರೆ ಉದ್ಯಮಗಳಿಂದಲೇ ಹಣ ಪಡೆಯುವ ನಿಧಿಯೊಂದು ನಮ್ಮಲ್ಲೂ ಇದೆ. ಗಣಿ, ವಿದ್ಯುತ್ ಮಾರ್ಗ, ರಸ್ತೆ ಮುಂತಾದವುಗಳಿಗಾಗಿ ಅರಣ್ಯಭೂಮಿ ಪಡೆಯುವವರು ಪರಿಹಾರಾತ್ಮಕ ಅರಣ್ಯೀಕರಣದ ವೆಚ್ಚವನ್ನೂ ಅರಣ್ಯದ ನಿವ್ವಳ ವರ್ತಮಾನ ಮೌಲ್ಯವನ್ನೂ ಕಟ್ಟಬೇಕು. ಸಾಮಾನ್ಯವಾಗಿ ಕ್ಯಾಂಪಾ ಎಂದು ಕರೆಯಲಾಗುವ ನಿಧಿ ಇದೇ.

ಗೋದವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಇಂತಹ ನಿಧಿಗೆ ಆದೇಶಿಸಿತು. 2006ರಲ್ಲಿ ತಾತ್ಕಾಲಿಕ ಸಂಸ್ಥೆಯೊಂದು ರಚನೆಯಾಗಿ ಹಣ ಸಂಗ್ರಹವಾಗತೊಡಗಿತು. 2009ರಿಂದ ವರ್ಷಕ್ಕೆ ಸುಮಾರು 1,000 ಕೋಟಿ ರೂಪಾಯಿಗಳಂತೆ ಮಾತ್ರ ರಾಜ್ಯಗಳಿಗೆ ಬಿಡುಗಡೆಗೆ ಅವಕಾಶ ದೊರೆಯಿತು. ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆ ಬಂದದ್ದು 2016ರಲ್ಲಿ, ಜಾರಿಯಾದದ್ದು 2018ರಲ್ಲಿ. 2019ರ ಆಗಸ್ಟ್‌ನಲ್ಲಿ 27 ರಾಜ್ಯಗಳಿಗೆ ಒಟ್ಟಾಗಿ 47,000 ಕೋಟಿ ರೂಪಾಯಿಗಳಿಗೂ ಹೆಚ್ಚು ಮೊತ್ತ ವರ್ಗಾವಣೆಯಾಯಿತು. ಉದ್ಯಮಿಗಳು ಕಟ್ಟಿದ ಹಣದ ಬಹುಭಾಗ ಅಷ್ಟು ವರ್ಷ ಠೇವಣಿಯಲ್ಲಿ ಕುಳಿತಿತ್ತು. ಬಡ್ಡಿ ಬೆಳೆಯಿತು, ಕಾಡು ಬೆಳೆಯಲಿಲ್ಲ. 2006ರಿಂದ 2012ರವರೆಗಿನ ಅವಧಿಯ ಬಗ್ಗೆ ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು 2013ರಲ್ಲಿ ನೀಡಿದ ವರದಿಯ ಪ್ರಕಾರ, ಬರಬೇಕಾಗಿದ್ದ ಸುಮಾರು 1.03 ಲಕ್ಷ ಹೆಕ್ಟೇರ್ ಅರಣ್ಯೇತರ ಭೂಮಿಯಲ್ಲಿ ದೊರೆತದ್ದು ಸುಮಾರು 28,000 ಹೆಕ್ಟೇರ್ ಮಾತ್ರ.

ಈಗಿನ ಕಾಯ್ದೆಯಂತೆ ಹಣದ ಶೇಕಡಾ 90 ರಾಜ್ಯಕ್ಕೆ, ಶೇಕಡಾ 10 ರಾಷ್ಟ್ರೀಯ ನಿಧಿಗೆ ಸೇರುತ್ತದೆ. ನಿಧಿಯು ಬಡ್ಡಿ ಗಳಿಸುತ್ತದೆ, ಲ್ಯಾಪ್ಸ್ ಆಗುವುದಿಲ್ಲ. ಲ್ಯಾಪ್ಸ್ ಆಗದಿರುವುದು ರಕ್ಷಣೆಯೆಂಬುದು ನಿಜ. ಆದರೆ ಕಾಲಮಿತಿಯ ಒತ್ತಡವೂ ರಾಜ್ಯದ ವಂತಿಗೆಯ ಹೊಣೆಯೂ ಇಲ್ಲದ ಕಡೆ, ಹಣವನ್ನು ಸಕಾಲದಲ್ಲಿ ಬಳಸಬೇಕೆಂಬ ತುರ್ತು ತಾನಾಗಿ ಹುಟ್ಟುವುದಿಲ್ಲ. ಎರಡೂ ದೇಶಗಳಲ್ಲಿ ಹಣ ಕೊಟ್ಟವರು ಉದ್ಯಮಿಗಳೇ. ಫಲದಲ್ಲಿ ಕಂಡ ವ್ಯತ್ಯಾಸಕ್ಕೆ ಮುಖ್ಯ ಕಾರಣ ಷರತ್ತುಗಳಲ್ಲಿನ ವ್ಯತ್ಯಾಸವೆಂಬುದು ಈ ಲೇಖಕನ ಅಭಿಪ್ರಾಯ.

ಹಣ ಕೊಡುವವರು ಕೇಳಬೇಕಾದ ಪ್ರಶ್ನೆಗಳು

ಕಂಪನಿ ಕಾಯ್ದೆಯ 135ನೇ ಪ್ರಕರಣದ ವ್ಯಾಪ್ತಿಗೆ ಬರುವ ಕಂಪನಿಗಳು ಏಳನೇ ಅನುಸೂಚಿಯಂತೆ ಪರಿಸರ ಸಮತೋಲನ, ಸಸ್ಯ ಹಾಗೂ ಪ್ರಾಣಿ ಸಂಕುಲದ ರಕ್ಷಣೆಗೆ ಸಾಮಾಜಿಕ ಹೊಣೆಗಾರಿಕೆಯ ಹಣ ಬಳಸಬಹುದು. ವ್ಯಾಪ್ತಿಗೆ ಬಾರದ ಸಣ್ಣ ಘಟಕಗಳೂ ಸಂಘಗಳ ಮೂಲಕ ಊರಿನ ಕೆರೆ, ಗೋಮಾಳ, ದೇವರಕಾಡುಗಳ ಕೆಲಸಕ್ಕೆ ವಂತಿಗೆ ಕೊಡುವುದುಂಟು. ಮೊತ್ತ ಐವತ್ತು ಸಾವಿರವಿರಲಿ, ಐವತ್ತು ಲಕ್ಷವಿರಲಿ, ಚೆಕ್ಕಿಗೆ ಸಹಿ ಹಾಕುವ ಮುನ್ನ ಈ ಐದು ಅಂಶಗಳನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

(ಅ) ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆಯೂ ಪ್ರತ್ಯೇಕ ಲೆಡ್ಜರೂ ಇವೆಯೇ?

(ಆ) ಪಡೆಯುವ ಸಂಸ್ಥೆ ಅಥವಾ ಪಂಚಾಯಿತಿಯ ವಂತಿಗೆ ಎಷ್ಟು? ಶ್ರಮದಾನವಾದರೆ ಅದರ ಮೌಲ್ಯಮಾಪನ ಹೇಗೆ?

(ಇ) ಹಣವು ಕಂತುಗಳಲ್ಲಿ, ಮುಗಿದ ಕೆಲಸದ ಅಳತೆಯ ಆಧಾರದ ಮೇಲೆ ಬಿಡುಗಡೆಯಾಗುವುದೇ?

(ಈ) ಆಡಳಿತ ವೆಚ್ಚಕ್ಕೆ ಮಿತಿ ಎಷ್ಟು, ಅದರಲ್ಲಿ ಏನೇನು ಸೇರುತ್ತದೆ? ಸಾಮಾಜಿಕ ಹೊಣೆಗಾರಿಕೆಯ ನಿಯಮಗಳಲ್ಲಿ ಕಂಪನಿಯ ಆಡಳಿತ ವೆಚ್ಚಕ್ಕೆ ಒಟ್ಟು ವೆಚ್ಚದ ಶೇಕಡಾ 5ರ ಮಿತಿಯಿದೆ.

(ಉ) ನಿಗದಿತ ಅವಧಿಯಲ್ಲಿ ಹಣ ಬಳಕೆಯಾಗದಿದ್ದರೆ ಅದು ಎಲ್ಲಿಗೆ ಸೇರಬೇಕು?

ಇವುಗಳ ಜೊತೆಗೆ, ಕೆಲಸ ಮುಗಿದ ಮೇಲಿನ ನಿರ್ವಹಣೆಗೆ ಮೊದಲ ದಿನವೇ ಹಣ ತೆಗೆದಿರಿಸಬೇಕು. ಸಸಿ ನೆಟ್ಟ ಲೆಕ್ಕ ಒಂದೇ ವರ್ಷದಲ್ಲಿ ಮುಗಿಯುತ್ತದೆ, ಸಸಿ ಬದುಕಿದ ಲೆಕ್ಕಕ್ಕೆ ಹಲವು ಮಳೆಗಾಲಗಳು ಬೇಕು.

ಅನುದಾನವನ್ನು ದಾನವೆಂದು ಭಾವಿಸಿ ಕೊಟ್ಟು ಮರೆಯುವ ರೂಢಿ ನಮ್ಮಲ್ಲಿ ಬೇರೂರಿದೆ. ಕೊಟ್ಟವನು ಲೆಕ್ಕ ಕೇಳಿದರೆ ಅನುಮಾನಪಟ್ಟಂತೆ ಎಂಬ ಸಂಕೋಚವೂ ಇದೆ. ಸಾಲಕ್ಕೆ ಸರಕು ಕೊಡುವ ವರ್ತಕನು ಗಿರಾಕಿಯ ಮೇಲೆ ನಂಬಿಕೆಯಿದ್ದರೂ ಖಾತೆಯಲ್ಲಿ ಬರೆದಿಡುತ್ತಾನೆ. ಅದರಿಂದ ಬಾಂಧವ್ಯ ಕೆಡುವುದಿಲ್ಲ, ಉಳಿಯುತ್ತದೆ. ಕೆರೆಗೂ ಕಾಡಿಗೂ ಕೊಡುವ ಹಣಕ್ಕೆ ಅದೇ ಶಿಸ್ತನ್ನು ಅನ್ವಯಿಸುವ ಅಧಿಕಾರ ಕೊಡುವವರಿಗಿದೆ. ಅದನ್ನು ಚಲಾಯಿಸುವುದು ಅವರ ಕರ್ತವ್ಯವೂ ಹೌದು.